ಅಡ್ಡಿಲ್ಲ ಮಾರಾಯ್ರೆ

ಮೇ ತಿಂಗಳ ಕೊನೆಯ ವಾರ ಮಲ್ಪೆಯ ದಕ್ಕೆಯಲ್ಲಿ ನಿಂತು ಕಿವಿಗೊಟ್ಟರೆ ಒಂದೇ ಮಾತು ಹತ್ತು ಬಾಯಲ್ಲಿ ಕೇಳುತ್ತದೆ. "ಅಡ್ಡಿಲ್ಲ ಮಾರಾಯ್ರೆ." ಇಂಜಿನ್ ಕಪ್ಪು ಹೊಗೆ ಉಗುಳುತ್ತಿದೆಯಲ್ಲ? ಅಡ್ಡಿಲ್ಲ. ಪಂಪಿಗೆ ಎರಡು ಏಟು ಬಿದ್ದ ಮೇಲೆಯೇ ಅದು ಶುರುವಾಗುವುದಲ್ಲ? ಅಡ್ಡಿಲ್ಲ, ಶುರುವಾಗ್ತದಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ಬಿರುಕು ಬಿಡುವ ರಬ್ಬರ್ ಪೈಪಿಗೆ ಸೈಕಲ್ ಟ್ಯೂಬು ಸುತ್ತಿ, ತಂತಿ ಬಿಗಿದು, "ಈ ಟ್ರಿಪ್ ಒಂದು ಆಗ್ಲಿ" ಎಂದು ಕಡಲಿಗೆ ಅಟ್ಟುತ್ತೇವೆ. ಆ ಒಂದು ಟ್ರಿಪ್ ಮೂರು ವರ್ಷವಾದರೂ ಮುಗಿದಿರುವುದಿಲ್ಲ. ಇದನ್ನು ಓದುತ್ತಿರುವ ಯಾವ ಬೋಟಿನ ಧಣಿಯೂ ಇದೆಲ್ಲ ತನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿದೆ. ಗೊತ್ತಿದ್ದೂ ಹಾಯಾಗಿ ನಿದ್ದೆ ಮಾಡುತ್ತಿದ್ದೇವೆ.

ಬೋಟು ಕೆಟ್ಟು ನಿಂತಿತೆಂದರೆ ತಪ್ಪನ್ನು ಕಡಲಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಗಾಳಿ ಜೋರಿತ್ತು, ಅಲೆ ಎದ್ದಿತ್ತು ಎನ್ನುತ್ತೇವೆ. ಗಾಳಿ ಇದ್ದದ್ದು ನಿಜ. ಆದರೆ ಇಂಜಿನ್ ಸರಿಯಾಗಿ ಆ ಗಾಳಿಯ ದಿನವೇ ಏಕೆ ನಿಂತಿತು? ಅರ್ಧ ಖಾಲಿಯಿರುವ ಡೀಸೆಲ್ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿಯ ತಂಪಿಗೆ ನೀರು ಹನಿಗಟ್ಟುತ್ತದೆ. ಡೀಸೆಲ್‌ಗಿಂತ ಭಾರವಾದ ಆ ನೀರು ತಳಕ್ಕಿಳಿಯುತ್ತದೆ. ನೀರೂ ಡೀಸೆಲ್ಲೂ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಕಡಲು ಶಾಂತವಾಗಿರುವಷ್ಟು ದಿನ ಈ ಕೊಳೆ ತಳದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಬೋಟು ಹೊಯ್ದಾಡತೊಡಗಿದ್ದೇ ತಡ, ಎಲ್ಲ ಕದಡಿ ಮೇಲೆದ್ದು ಫಿಲ್ಟರನ್ನು ಮುಚ್ಚಿಬಿಡುತ್ತದೆ. ಇಂಜಿನ್ ಎರಡು ಸಲ ಏದುಸಿರು ಬಿಟ್ಟು ನಿಲ್ಲುತ್ತದೆ. ಫಿಲ್ಟರ್ ಬದಲಿಸಿ, ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಕೈಪಂಪು ಒತ್ತಿ ಗಾಳಿ ತೆಗೆಯುವುದು ದಕ್ಕೆಯಲ್ಲಾದರೆ ಅರ್ಧ ಗಂಟೆಯ ಕೆಲಸ. ಕತ್ತಲಲ್ಲಿ, ಅಲೆಗೆ ಅಡ್ಡ ಬಿದ್ದ ಬೋಟಿನ ಇಂಜಿನ್ ಕೋಣೆಯೊಳಗೆ, ಹೊಟ್ಟೆ ತೊಳಸುತ್ತಿರುವ ಹುಡುಗನೊಬ್ಬ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮಾಡಬೇಕಾದಾಗ ಅದು ಎಷ್ಟು ಹೊತ್ತಿನ ಕೆಲಸವೋ ದೇವರೇ ಬಲ್ಲ. ಬದಲಿ ಫಿಲ್ಟರೇ ಬೋಟಿನಲ್ಲಿ ಇಲ್ಲದಿದ್ದರೆ ಆ ಮಾತೂ ಬೇಡ. ಟ್ಯಾಂಕಿನ ತಳದ ನಲ್ಲಿ ತಿರುಗಿಸಿ ಒಂದು ಗಾಜಿನ ಲೋಟದಲ್ಲಿ ಹಿಡಿದು ನೋಡಿದ್ದರೆ ಆ ನೀರು ತಿಂಗಳ ಹಿಂದೆಯೇ ಕಣ್ಣಿಗೆ ಬೀಳುತ್ತಿತ್ತು.

ನಮ್ಮ ಅಜ್ಜಂದಿರ ಕಾಲದಲ್ಲಿ ಇಂಜಿನ್ ಇರಲಿಲ್ಲ, ಹತ್ತಿನೂಲಿನ ಬಲೆ ಇತ್ತು. ನೋಡದೆ ಬಿಟ್ಟರೆ ಕೊಳೆತುಹೋಗುವ ಬಲೆ. ಮರದ ತೊಗಟೆ ಕುದಿಸಿ ಅದಕ್ಕೆ ಚೊಗರು ಕೊಡುತ್ತಿದ್ದರು, ಮರಳಿನ ಮೇಲೆ ಹರವಿ ಒಣಗಿಸುತ್ತಿದ್ದರು, ಹರಿದ ಕಣ್ಣನ್ನು ಅವತ್ತೇ ಕೂತು ಹೆಣೆಯುತ್ತಿದ್ದರು. ಹಲಗೆಯ ಸಂದಿಗೆ ಹತ್ತಿ ತುಂಬದೆ, ಮರಕ್ಕೆ ಎಣ್ಣೆ ಹಚ್ಚದೆ ದೋಣಿ ನೀರಿಗಿಳಿಯುತ್ತಿರಲಿಲ್ಲ. ಬಡತನವಿತ್ತು, ಉದಾಸೀನವಿರಲಿಲ್ಲ. 1970ರ ದಶಕದ ನಡುವಿಗೆ ಪರ್ಸೀನ್ ಬಂತು, ರಂಪಣಿ ಮರೆಗೆ ಸರಿಯಿತು, ನೈಲಾನ್ ಬಲೆ ಮನೆಮನೆಗೆ ಬಂತು. ನೈಲಾನ್ ಕೊಳೆಯುವುದಿಲ್ಲ, ಆರೈಕೆ ಕೇಳುವುದಿಲ್ಲ. ಕಡಲಿಗೆ ಒಯ್ಯುವ ಸಾಮಾನನ್ನು ದಿನವೂ ಮುಟ್ಟಿ ನೋಡುವ ಅಭ್ಯಾಸ ಆ ಹತ್ತಿಬಲೆಯ ಜೊತೆಗೇ ಹೋಯಿತು ಅಂತ ನನಗನಿಸುತ್ತದೆ. ಆದರೆ ಇಂಜಿನ್ ನೈಲಾನ್ ಅಲ್ಲ.

ಬೋಟಿನ ತಳಕ್ಕೆ ಬೋಲ್ಟು ಹಾಕಿ ಕೂರಿಸುವ ಝಿಂಕ್ ತುಂಡನ್ನೇ ನೋಡಿ. ಉಪ್ಪುನೀರಿನಲ್ಲಿ ಬೇರೆಬೇರೆ ಲೋಹಗಳು ಒಟ್ಟಿಗಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಶಾಫ್ಟ್, ಫ್ಯಾನ್, ವಾಲ್ವು ಉಳಿಯಲಿ, ತಾನು ಸವೆದರೂ ಸರಿ ಎಂದು ಈ ತುಂಡು ಅಲ್ಲಿರುತ್ತದೆ. ಅರ್ಧ ಸವೆದರೆ ತೆಗೆದು ಹೊಸದು ಹಾಕಬೇಕು. ನಾವೇನು ಮಾಡುತ್ತೇವೆ? ಮಳೆಗಾಲದಲ್ಲಿ ಬೋಟನ್ನು ಮೇಲಕ್ಕೆಳೆದಾಗ ತಳಕ್ಕೆ ಬಳಿಯುವ ಬಣ್ಣವನ್ನು ಅದರ ಮೇಲೂ ಬಳಿದುಬಿಡುತ್ತೇವೆ. ಬಣ್ಣ ಮುಚ್ಚಿದ ಝಿಂಕ್ ಇದ್ದೂ ಇಲ್ಲದಂತೆ. ಆಮೇಲೆ ಹಿತ್ತಾಳೆಯ ವಾಲ್ವಿನ ಸರದಿ. ಅದರೊಳಗಿನ ಸತು ಕರಗಿಹೋಗಿ, ಹಳದಿ ಬಣ್ಣ ತಿರುಗಿ ತಿಳಿಗೆಂಪಾಗುತ್ತದೆ. ನೋಡಲು ಆಕಾರವೆಲ್ಲ ಹಾಗೇ ಇರುತ್ತದೆ. ಸುತ್ತಿಗೆಯಲ್ಲಿ ಸಣ್ಣಗೆ ತಟ್ಟಿದರೆ ಒಣ ರಸ್ಕಿನಂತೆ ಉದುರುತ್ತದೆ. ಸಮುದ್ರಕ್ಕೂ ಮಲಗಿರುವ ಖಲಾಸಿಗೂ ನಡುವೆ ನಾವು ಇಟ್ಟಿರುವುದು ಆ ರಸ್ಕನ್ನು.

ಬಿಸಿಯ ಅಲಾರಾಂ ಕೂಗಿ ಕೂಗಿ ಕಿರಿಕಿರಿ ಮಾಡುತ್ತದೆಂದು ಅದರ ವೈರನ್ನೇ ಕತ್ತರಿಸಿಟ್ಟ ಬೋಟುಗಳನ್ನು ನಾನು ಕಂಡಿದ್ದೇನೆ. ತಂಪುನೀರಿನ ಪಂಪಿನ ರಬ್ಬರ್ ಚಕ್ರ ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೆ ಸಾಕು, ಎಸಳು ಕಿತ್ತು ಪೈಪಿನೊಳಗೆ ಸಿಕ್ಕಿಕೊಳ್ಳುತ್ತವೆ. ವರ್ಷಕ್ಕೊಮ್ಮೆ ಬದಲಿಸಬೇಕಾದ ಅಂಗೈಯಗಲದ ಸಾಮಾನು ಅದು. ಅದಕ್ಕೆ ದುಡ್ಡಿಲ್ಲ. ಬೆಳಕು ಮೀನುಗಾರಿಕೆ 2017ರಲ್ಲೇ ನಿಷೇಧವಾದರೂ ಕಳ್ಳತನದಿಂದ ಕೂರಿಸುವ ಜನರೇಟರಿಗೂ ಎಲ್ಇಡಿ ದೀಪಗಳ ಸಾಲಿಗೂ ದುಡ್ಡಿದೆ. ಅಷ್ಟೂ ದೀಪದ ಭಾರವನ್ನು ಹೊರುವುದು ಇಲಿ ಕಡಿದ ಹಳೆಯ ವೈರು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಶಾಫ್ಟ್ ಹೊರಗೆ ಹೋಗುವ ಕಡೆಯ ಗ್ಲಾಂಡಿನಲ್ಲಿ, ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ನೀರು ಬೀಳಬೇಕು, ಅದು ಸರಿ. ನಮ್ಮದರಲ್ಲಿ ಇಂಜಿನ್ ನಿಲ್ಲಿಸಿದ ಮೇಲೂ ನೂಲಿನೆಳೆಯಂತೆ ಬರುತ್ತಿತ್ತು. ತಾಂಡೇಲರು ಎರಡು ಸಲ ಹೇಳಿದರು. "ಧಣಿ, ಪ್ಯಾಕಿಂಗ್ ಹೋಗಿದೆ." ನಾನು ಅಡ್ಡಿಲ್ಲ, ಪಂಪ್ ಇದೆಯಲ್ಲ ಎಂದೆ. ಪಂಪಿಗೆ ಆಧಾರ ಬ್ಯಾಟರಿ, ಬ್ಯಾಟರಿಯ ತುದಿಗಳಲ್ಲಿ ಹಸಿರು ಹಿಟ್ಟು ಬೆಳೆದಿತ್ತು. ನೀರು ಏರಿದಾಗ ತಾನಾಗಿ ಪಂಪ್ ಹಾಕಬೇಕಾದ ತೇಲುಗುಂಡಿಗೆ ಗುಟ್ಕಾ ಪ್ಯಾಕೆಟ್ಟು ಸಿಕ್ಕಿಕೊಂಡಿತ್ತು. ಒಂದು ಕೆಟ್ಟದ್ದನ್ನು ಇನ್ನೊಂದು ಕೆಟ್ಟದ್ದರ ಹೆಗಲಿಗೆ ಆನಿಸಿ ನಿಲ್ಲಿಸಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಇಂಜಿನ್ ಅರ್ಧ ನೀರಲ್ಲಿ, ಅಡುಗೆಯ ಪಾತ್ರೆಗಳು ಅದರ ಸುತ್ತ ತೇಲುತ್ತಿದ್ದವು. ಬೋಟು ಅವತ್ತು ದಕ್ಕೆಯಲ್ಲಿ ಕಟ್ಟಿತ್ತು, ಒಳಗೆ ಯಾರೂ ಮಲಗಿರಲಿಲ್ಲ. ನನ್ನ ಹೆಚ್ಚುಗಾರಿಕೆಯೇನೂ ಅದರಲ್ಲಿಲ್ಲ.

ಬೋಟಿನಲ್ಲಿ ಮಲಗುವವರು ಈಗ ನಾವಲ್ಲ, ನಮ್ಮ ಮಕ್ಕಳೂ ಅಲ್ಲ. ಒಡಿಶಾದಿಂದ, ಜಾರ್ಖಂಡ್‌ನಿಂದ, ಆಂಧ್ರದಿಂದ ಬಂದ ಹುಡುಗರು. ಮೊದಲು ದೋಣಿಯ ಒಡೆಯನೂ ಅದೇ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದ, ಸಂದಿಯಿಂದ ಒಸರಿದ ನೀರು ಅವನ ಕಾಲನ್ನೂ ತೋಯಿಸುತ್ತಿತ್ತು. ಈಗ ಒಡೆಯ ದಡದಲ್ಲಿ ಹರಾಜಿನ ಲೆಕ್ಕ ಬರೆಯುತ್ತಾನೆ. ಹೊಗೆ ನೀಲಿಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಆಯಿಲ್ ಹಾಲಿನಂತಾದರೆ ನೀರು ಹೊಕ್ಕಿದೆ ಎಂದು ಆ ಹುಡುಗರಿಗೆ ಯಾರೂ ಕಲಿಸಿಲ್ಲ. ಕಲಿತಿದ್ದರೂ "ಈ ಬೋಟು ನಾನು ಹತ್ತುವುದಿಲ್ಲ" ಎನ್ನುವ ಧೈರ್ಯಕ್ಕೆ ನಾವು ಜಾಗ ಇಟ್ಟಿಲ್ಲ. ಕ್ಯಾಬಿನ್ನಿನ ಬಾಗಿಲಲ್ಲಿ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಪೊಲೀಸರ 1093 ಎಂದು ಬರೆಸಿದ್ದೇವೆ. ಬಹಳ ಒಳ್ಳೆಯದು. ಒಂದು ಫಿಲ್ಟರಿನ ದುಡ್ಡು ಉಳಿಸಿದ ಧಣಿಯ ಬೋಟನ್ನು ಹುಡುಕಿಕೊಂಡು ಸರಕಾರದ ಹಡಗು ಹೊರಡಬೇಕು ಅಂತಲೂ ಅದಕ್ಕೆ ಅರ್ಥವಿದೆ.

ಸಮುದ್ರಪೂಜೆಯ ದಿನ ವಡಭಾಂಡೇಶ್ವರದಿಂದ ಮೆರವಣಿಗೆಯಲ್ಲಿ ಹೋಗಿ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುತ್ತೇವೆ. ಅದನ್ನು ಬಿಡಿ ಎಂದು ನಾನು ಹೇಳುವವನಲ್ಲ, ನಾನೂ ಹೋಗುತ್ತೇನೆ. ಆದರೆ ಮೂತಿಗೆ ಹೊಸ ಬಣ್ಣ, ಹೆಸರಿಗೆ ಚಿನ್ನದ ಅಂಚು, ಹೂವಿನ ಹಾರ ಹಾಕಿಸಿಕೊಂಡು ನಿಂತ ಬೋಟಿನ ಹೊಟ್ಟೆಯೊಳಗೆ ಸೈಕಲ್ ಟ್ಯೂಬು ಸುತ್ತಿದ ಪೈಪು ಹಾಗೇ ಇರುವಾಗ, ಕೈಮುಗಿದು ಏನನ್ನು ಬೇಡುತ್ತಿದ್ದೇವೆ? ನಾವು ಮಾಡದ ಕೆಲಸವನ್ನು ಕಡಲೇ ಮಾಡಿಕೊಡಲಿ ಎಂದಲ್ಲವೇ?

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಟ್ಯಾಂಕ್ ತೊಳೆಯಲು, ಪೈಪು ಬದಲಿಸಲು, ಗ್ಲಾಂಡಿಗೆ ಪ್ಯಾಕಿಂಗ್ ಹಾಕಲು, ಝಿಂಕ್ ಕೂರಿಸಲು ಇಷ್ಟು ದಿನ ಸಾಲದು ಎನ್ನುವವನು ಸುಳ್ಳು ಹೇಳುತ್ತಿದ್ದಾನೆ. ಈ ಸಲ ಬಣ್ಣದ ಡಬ್ಬಿ ತೆರೆಯುವ ಮೊದಲು, ಮೆಕ್ಯಾನಿಕ್ಕನ್ನೋ ಹುಡುಗನನ್ನೋ ಕಳಿಸದೆ, ಟಾರ್ಚ್ ಹಿಡಿದು ನೀವೇ ಇಂಜಿನ್ ಕೋಣೆಗೆ ಇಳಿಯಿರಿ. ಅಲ್ಲಿ ಕಂಡದ್ದನ್ನೆಲ್ಲ ಮುಟ್ಟಿ ನೋಡಿ. ಆಮೇಲೂ ನಿಮ್ಮ ಬಾಯಲ್ಲಿ ಅಡ್ಡಿಲ್ಲ ಎಂದೇ ಬಂದರೆ, ಆಗಸ್ಟ್ ಮೊದಲ ವಾರ ಹೊರಡುವ ಆ ಬೋಟಿಗೆ ಹುಡುಗರ ಜೊತೆ ನೀವೂ ಹತ್ತಿ.