ದೀನತೆ ಯಾರ ಪಾಲಿಗೆ?

ದೀನತೆಯ ಮೇಲೆ ಪ್ರಸಂಗ ನಡೆಯುವಾಗ ಪ್ರಸಂಗಿಗಳ ಕಣ್ಣು ಹೆಂಗಸರು ಕುಳಿತ ಕಡೆಗೇ ಹೊರಳುವುದನ್ನು ನೀವೂ ಗಮನಿಸಿರಬಹುದು. ತಗ್ಗಿ ನಡೆಯಿರಿ, ಎದುರಾಡಬೇಡಿರಿ, ಮಗುವಿನಂತೆ ನಂಬಿರಿ! ಇಷ್ಟು ಹೇಳಿ ಅವರು ಹೋಗಿ ಕೂರುವುದು ಮಾತ್ರ ವೇದಿಕೆಯ ಮೇಲಿನ ಮಖಮಲ್ಲಿನ ಕುರ್ಚಿಯಲ್ಲಿ. ಯೇಸುಸ್ವಾಮಿ ಈ ಪಾಠ ಹೇಳಿದ್ದು ಯಾರಿಗೆ? ಔತಣದಲ್ಲಿ ಮೊದಲ ಸ್ಥಾನ ಹುಡುಕಿದವರಿಗೆ, ತಮ್ಮೊಳಗೆ ದೊಡ್ಡವನಾರೆಂದು ಜಗಳವಾಡಿದ ಶಿಷ್ಯರಿಗೆ. ಕಾಲು ತೊಳೆದದ್ದೂ ಗುರುವೇ. ಪಾತ್ರೆ ತಿಕ್ಕಿ ಸವೆದ ಕೈಗಳಿಗೆ ಇನ್ನೂ ತಗ್ಗಿರಿ ಎಂದು ಆತನು ಹೇಳಿದ್ದನ್ನು ನಾನಂತೂ ಸುವಾರ್ತೆಗಳಲ್ಲಿ ಕಂಡಿಲ್ಲ.

ಬಡ ವಿಧವೆಯ ಎರಡು ಕಾಸಿನ ಕಥೆಯನ್ನೇ ತೆಗೆದುಕೊಳ್ಳಿ. ನಮ್ಮ ದೊಡ್ಡಬಳ್ಳಾಪುರದ ಕಡೆ ಉಜ್ಜೀವನ ಕೂಟದ ಪೆಂಡಾಲುಗಳಲ್ಲಿ ಈ ಕಥೆ ಹೇಳದೆ ಕಾಣಿಕೆ ಚೀಲ ಹೊರಡುವುದಿಲ್ಲ. ಎದುರಿಗೆ ಕುಳಿತವರು ಮಗ್ಗದ ಮನೆಯವರು, ಗಾರ್ಮೆಂಟ್ ಕಾರ್ಖಾನೆಯಲ್ಲಿ ದಿನವೆಲ್ಲ ಹೊಲಿದು ಬಂದವರು. ಅವಳು ಇದ್ದುದನ್ನೆಲ್ಲ ಕೊಟ್ಟಳು, ನೀವೂ ಕೊಡಿರಿ, ನೂರರಷ್ಟು ತಿರುಗಿ ಬರುತ್ತದೆ ಎನ್ನುತ್ತಾರೆ. ನನಗೆ ಗೊತ್ತಿರುವ ಒಬ್ಬಳು, ಮಗನ ಕಾಲೇಜು ಫೀಜಿಗೆಂದು ಚೀಟಿ ಎತ್ತಿದ ಹಣವನ್ನೇ ಹಾಗೆ ಕೊಟ್ಟು ಬಂದಳು. ಕೇಳಿದರೆ, "ನಂಬಿಕೆಯಿಟ್ಟು ಕೊಟ್ಟಿದ್ದೀನಿ ಟೀಚರ್, ಲೆಕ್ಕ ಕೇಳಬಾರದಂತೆ" ಅಂದಳು. ಯಾರು ಹೇಳಿದರಂತೆ? ಹಣ ಎಣಿಸಿಕೊಂಡವರು!

ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯವನ್ನು ಮನೆಯಲ್ಲಿ ಕುಳಿತು ನೀವೇ ತೆರೆದು ನೋಡಿ. ವಿಧವೆಯ ಕಥೆ ಆರಂಭವಾಗುವುದು 41ನೆಯ ವಚನದಲ್ಲಿ. ಅದಕ್ಕೆ ಅಂಟಿಕೊಂಡೇ ಇರುವ ಹಿಂದಿನ ಮೂರು ವಚನಗಳನ್ನು ಪೆಂಡಾಲಿನಲ್ಲಿ ಓದಿದ್ದನ್ನು ನಾನು ಕೇಳಿಲ್ಲ. ನಿಲುವಂಗಿ ತೊಟ್ಟು ತಿರುಗುವ, ಪೇಟೆಯಲ್ಲಿ ನಮಸ್ಕಾರ ಬಯಸುವ, ಉದ್ದುದ್ದ ಪ್ರಾರ್ಥನೆ ಮಾಡುತ್ತಲೇ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಅಲ್ಲಿ ಖಂಡಿಸಿದ್ದಾನೆ. ಆಮೇಲೆ ತಾನೇ ಆ ವಿಧವೆ ಬರುವುದು? ಆತನು ಅವಳನ್ನು ಹೊಗಳಿದ್ದು ನಿಜ. ಪೆಟ್ಟಿಗೆ ಇಟ್ಟವರನ್ನು ಹೊಗಳಲಿಲ್ಲ. ಮುಂದಿನ ಅಧ್ಯಾಯದ ಮೊದಲಲ್ಲೇ, ಆ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯದೆಂದು ಹೇಳಿ ಹೊರನಡೆದ. ಅವಳಿಗೆ ನೂರರಷ್ಟು ತಿರುಗಿ ಬಂತೆಂದು ಮಾರ್ಕನು ಬರೆದೇ ಇಲ್ಲ.

ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ಸುತ್ತುವ, ಸಣ್ಣ ಸಂಬಳದ ಸಭಾಪಾಲಕರನ್ನು ನಾನು ಬಲ್ಲೆ. ಈ ಮಾತು ಅವರಿಗಲ್ಲ.

ಸರಳ ವಿಶ್ವಾಸವೆಂದರೆ ಬಾಯಿ ಮುಚ್ಚಿಕೊಂಡಿರುವುದೂ ಅಲ್ಲ. ಕಾನಾನ್ಯ ಹೆಂಗಸು ಮಗಳಿಗಾಗಿ ಕೂಗಿಕೊಂಡಾಗ ಶಿಷ್ಯರು ಅವಳನ್ನು ಅಟ್ಟಲು ನೋಡಿದರು. ರೊಟ್ಟಿ ಮಕ್ಕಳದೆಂದು ಯೇಸುವೇ ಹೇಳಿದಾಗ, ಮೇಜಿನಿಂದ ಬೀಳುವ ಚೂರುಗಳನ್ನು ನೆನಪಿಸಿ ಅವಳು ವಾದ ಮಾಡಿದಳು. ದೊಡ್ಡ ನಂಬಿಕೆಯವಳೆಂದು ಆತನು ಮೆಚ್ಚಿದ್ದು ಆ ಎದುರುತ್ತರ ಕೊಟ್ಟವಳನ್ನೇ.

ಇನ್ನು ಸಕ್ಕರೆ ಕಾಯಿಲೆಯ ಮಾತ್ರೆ ಬಿಸಾಡಿ, ಬರೀ ಎಣ್ಣೆ ಹಚ್ಚಿಕೊಂಡು ನಂಬಿರಿ ಎನ್ನುವವರಿದ್ದಾರೆ. ಇವರಿಗೆ ನಮ್ಮ ಮೈಸೂರು ಸೀಮೆಯಲ್ಲಿ ಹಳೆಯ ಉತ್ತರವೊಂದಿದೆ. 1799ರಲ್ಲಿ ಟಿಪ್ಪು ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಇಲ್ಲಿಯವರಂತೆ ಉಟ್ಟು, ಇಲ್ಲಿಯ ಊಟ ಉಂಡು ಬದುಕಿದವರು. ಸಿಡುಬು ಬಂದಾಗ ಪ್ರಾರ್ಥನೆ ಸಾಕೆಂದು ಅವರು ಕೂರಲಿಲ್ಲ. 1803-04ರಲ್ಲಿ 25,000ಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. ನಮ್ಮ ಜನರ ಆಚಾರಗಳ ಬಗ್ಗೆ ಅವರು ಬರೆದ ಪುಸ್ತಕದಲ್ಲಿ ಒಪ್ಪಲಾಗದ್ದು ಬಹಳ ಇದೆ, ಅದು ಬೇರೆ ಮಾತು. ಆದರೆ 1823ರಲ್ಲಿ ಊರಿಗೆ ಮರಳುವ ಹೊತ್ತಿಗೆ, ತಮ್ಮ ಮತಪ್ರಚಾರ ಫಲಿಸಲಿಲ್ಲವೆಂದು ಅಚ್ಚಿನಲ್ಲೇ ಒಪ್ಪಿಕೊಂಡರು. ದಿನಕ್ಕೊಂದು ಪವಾಡ ಸಾರುವ ನಮ್ಮ ಪೋಸ್ಟರುಗಳ ಪಕ್ಕದಲ್ಲಿ ಈ ಒಪ್ಪಿಗೆಯನ್ನು ಇಟ್ಟು ನೋಡಿ, ದೀನತೆ ಯಾವುದೆಂದು ತಿಳಿಯುತ್ತದೆ.

ಮುಂದಿನ ಕೂಟದಲ್ಲಿ ಚೀಲ ನಿಮ್ಮ ಮುಂದೆ ಬಂದಾಗ ಹೋದ ವರ್ಷದ ಲೆಕ್ಕವನ್ನು ಕೇಳಿ. ಪೆಂಡಾಲಿಗೆಷ್ಟು, ಮೈಕಿಗೆಷ್ಟು, ಪ್ರಸಂಗಿಯ ಕಾರಿಗೆಷ್ಟು, ಬಡವರಿಗೆಷ್ಟು. "ಅಮ್ಮಾ, ನಿಮ್ಮಲ್ಲಿ ದೀನತೆಯಿಲ್ಲ" ಎಂದರೆ, ಬೈಬಲನ್ನು ಅವರ ಕೈಗೇ ಕೊಟ್ಟು 38ನೆಯ ವಚನದಿಂದ ಗಟ್ಟಿಯಾಗಿ ಓದಿರೆನ್ನಿ.