ಹಸುಗೂಸಿನ ಔಷಧಿಯ ಲೆಕ್ಕ

ಚೆನ್ನಾಗಿ ಹಾಲುಣ್ಣುತ್ತಿದ್ದ ಹಸುಗೂಸು ಹಠಾತ್ತನೆ ಮೊಲೆ ಬಿಟ್ಟು, ಮಂಕಾಗಿ, ಮೈ ತಣ್ಣಗಾದರೆ ಅದು ರಕ್ತದ ನಂಜಿನ ಸೂಚನೆಯಿರಬಹುದು. ಅಂಥ ಸಂದರ್ಭದಲ್ಲಿ ತಡವಿಲ್ಲದೆ ಕೊಡುವ ಆಂಟಿಬಯೋಟಿಕ್ ಚುಚ್ಚುಮದ್ದೇ ಮಗುವಿಗೆ ಆಸರೆ. ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್‌ಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಮೊದಲ ಆಯ್ಕೆಯಾಗಿ ಸೂಚಿಸಿದೆ. ಆದರೆ ಪ್ರಾಣ ಉಳಿಸುವ ಮದ್ದೇ ಅಳತೆ ತಪ್ಪಿದರೆ ವಿಷವಾದೀತೆಂಬುದನ್ನು ಮರೆಯುವಂತಿಲ್ಲ.

ಹುಟ್ಟಿ ವಾರ ತುಂಬದ, 3 ಕಿಲೋ ತೂಗುವ ಮಗುವಿಗೆ ಕಿಲೋವೊಂದಕ್ಕೆ 5 ಮಿಲಿಗ್ರಾಂನಂತೆ ದಿನಕ್ಕೊಮ್ಮೆ 15 ಮಿಲಿಗ್ರಾಂ ಜೆಂಟಾಮೈಸಿನ್ ಸಾಕು. ತೂಕ ಕಡಿಮೆಯಿರುವ ಕೂಸಿಗೆ ಕಿಲೋವೊಂದಕ್ಕೆ ಮೂರೇ ಮಿಲಿಗ್ರಾಂ. ದೊಡ್ಡವರಿಗಾಗಿ ಬರುವ 2 ಮಿಲಿಲೀಟರಿನ ಸೀಸೆಯಲ್ಲಾದರೋ 80 ಮಿಲಿಗ್ರಾಂ ಇರುತ್ತದೆ. ಅದರಿಂದ ಅರ್ಧ ಮಿಲಿಲೀಟರಿಗೂ ಕಡಿಮೆ ಅಳೆದು ತೆಗೆಯಬೇಕು. ದಶಾಂಶದ ಒಂದು ಚುಕ್ಕಿ ಅತ್ತಿತ್ತಾದರೆ ಮದ್ದು ಹತ್ತು ಪಟ್ಟು! ಈ ಔಷಧಿ ಮಿತಿಮೀರಿದರೆ ಮೂತ್ರಪಿಂಡ ಕೆಡಬಹುದು, ಕಿವಿ ಶಾಶ್ವತವಾಗಿ ಕಿವುಡಾಗಬಹುದು.

ಮದ್ದುಗಳ ಮಿಶ್ರಣದಲ್ಲಿಯೂ ಎಚ್ಚರ ಬೇಕು. ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್‌ಗಳನ್ನು ಒಂದೇ ಸಿರಿಂಜಿನಲ್ಲಿ ಬೆರೆಸಿದರೆ ಜೆಂಟಾಮೈಸಿನ್ ಶಕ್ತಿ ಕಳೆದುಕೊಳ್ಳುತ್ತದೆ. ಸೆಫ್ಟ್ರಿಯಾಕ್ಸೋನ್ ಎಂಬ ಮದ್ದು ಕ್ಯಾಲ್ಸಿಯಂನೊಡನೆ ಸೇರಿ ನವಜಾತ ಶಿಶುಗಳ ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಸಾವುಗಳು ಸಂಭವಿಸಿದ ಕಾರಣ 2007ರಲ್ಲಿ ಅಮೇರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ನೀಡಿತು.

ತಪ್ಪಾದಾಗಲೆಲ್ಲ ದಾದಿಯರನ್ನು ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ದಾದಿ ಹತ್ತು ಕಡೆ ಓಡಬೇಕಾದರೆ ಲೆಕ್ಕವನ್ನು ಮತ್ತೊಮ್ಮೆ ನೋಡುವವರಾರು? ಮಗುವನ್ನು ತೂಗಿಯೇ ಮದ್ದು ಬರೆಯಬೇಕು. ಒಬ್ಬರು ಅಳೆದುದನ್ನು ಇನ್ನೊಬ್ಬರು ಪರೀಕ್ಷಿಸಬೇಕು. ಅದಕ್ಕೆ ಬೇಕಾದ ಸಿಬ್ಬಂದಿಯನ್ನೂ ಸಣ್ಣ ಅಳತೆಯ ಸಿರಿಂಜುಗಳನ್ನೂ ಒದಗಿಸುವುದು ಸರಕಾರದ ಹೊಣೆ.

ನಮ್ಮ ಗಡಿನಾಡಿಗೆ ಇನ್ನೊಂದು ತೊಡಕಿದೆ. ರೋಗ ಬಿಗಡಾಯಿಸಿದಾಗ ಮಂಗಳೂರಿಗೆ ಧಾವಿಸುವುದು ಇಲ್ಲಿಯವರಿಗೆ ವಾಡಿಕೆ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ಎಲ್ಲರ ನೆನಪಿನಲ್ಲಿದೆ. ಹಾಗೆ ಕೂಸನ್ನು ಕಳುಹಿಸುವಾಗ ಅದರ ತೂಕವೆಷ್ಟು, ಯಾವ ಮದ್ದು, ಎಷ್ಟು, ಎಷ್ಟು ಗಂಟೆಗೆ ಕೊಡಲಾಯಿತೆಂಬ ಚೀಟಿ ಜೊತೆಗಿರದಿದ್ದರೆ ಕೊಟ್ಟ ಮದ್ದನ್ನೇ ಮತ್ತೆ ಕೊಡುವ, ಇಲ್ಲವೆ ಕೊಡಬೇಕಾದುದು ತಪ್ಪಿಹೋಗುವ ಅಪಾಯವಿದೆ. ಮಲೆಯಾಳ, ಇಂಗ್ಲಿಷ್ ಓದಲಾರದ ತಾಯಿಗೆ ಅದನ್ನು ಕನ್ನಡದಲ್ಲಿಯೂ ಬರೆದುಕೊಟ್ಟು ತಿಳಿಸಬೇಕು. ಇದು ಭಾಷಾಭಿಮಾನದ ಮಾತಷ್ಟೇ ಅಲ್ಲ, ಮಗುವಿನ ಪ್ರಾಣದ ಮಾತು. ಜಿಲ್ಲೆಯ ಆರೋಗ್ಯಾಧಿಕಾರಿಗಳು ಇತ್ತ ಕೂಡಲೇ ಗಮನ ಹರಿಸಬೇಕೆಂದು ನಾವು ಒತ್ತಾಯಿಸುತ್ತೇವೆ.