ಬಿಸಿಗೊಂದು ರುಚಿ, ತಂಪಿಗೊಂದು ರುಚಿ

ಕೇಶ್ವಾಪುರದ ಸೋದರಿಯೊಬ್ಬರು ಬರೆಯುತ್ತಾರೆ: "ಮಾವಿನಕಾಯಿ ಪಾನಕ ಮಾಡಿದ್ದೆರೀ. ಒಲಿಯಿಂದ ಇಳಿಸಿ ನೋಡಿದಾಗ ಬೆಲ್ಲ ಛಲೋ ಹಿಡದಿತ್ತು. ಸಂಜಿಕೆ ಫ್ರಿಜ್ಜಿನಿಂದ ತಗದು ಬೀಗರಿಗೆ ಕೊಟ್ರ ಬರೇ ಹುಳಿ! ಬೆಲ್ಲ ಹಾಕೂದ್ರಾಗೂ ನಮ್ಮ ಸೊಸಿ ಕೈ ಬಿಗಿ ಅಂತ ಅತ್ತಿಯವರು ಎಲ್ಲಾರ ಮುಂದ ಅಂದ್ರು. ಬೆಲ್ಲ ಎಲ್ಲಿ ಹೋತ್ರೀ?"

ಎಲ್ಲಿಯೂ ಹೋಗಿಲ್ಲ ತಾಯೀ, ಪಾತ್ರೆಯಲ್ಲೇ ಇದೆ. ನಾಲಿಗೆಗೆ ಸಿಕ್ಕಿಲ್ಲ, ಅಷ್ಟೆ. ತಣ್ಣಗಾದಷ್ಟೂ ಸಿಹಿ ಮಂಕಾಗುತ್ತದೆ. ಹುಳಿ ಅಷ್ಟಾಗಿ ಮಂಕಾಗುವುದಿಲ್ಲ. ಕರಗಿ ನೀರಾದ ಐಸ್‌ಕ್ರೀಂ ಚಮಚದಲ್ಲಿ ತೆಗೆದು ನೋಡಿ, ಮುಖ ಕಿವುಚುವಷ್ಟು ಸಿಹಿ. ಗಟ್ಟಿಯಿದ್ದಾಗ ಅದೇ ಹಿತವಾಗಿತ್ತಲ್ಲ! ಏಲಕ್ಕಿಯ ಕತೆಯೂ ಅಷ್ಟೇ, ಅದರ ಪರಿಮಳ ಮೂಗಿಗೇರಲು ಸ್ವಲ್ಪ ಬೆಚ್ಚಗಿರಬೇಕು. ಆದ್ದರಿಂದ ತಣ್ಣಗೆ ಕುಡಿಯುವುದರ ರುಚಿಯನ್ನು ತಣ್ಣಗಾದ ಮೇಲೆಯೇ ನೋಡಬೇಕು. ಒಂದು ಸಣ್ಣ ಲೋಟದಷ್ಟು ಮೊದಲೇ ತಂಪು ಮಾಡಿ, ಅದನ್ನು ಕುಡಿದು ನೋಡಿ, ಆಮೇಲೆ ಉಳಿದದ್ದಕ್ಕೆ ಬೆಲ್ಲ ಕೂಡಿಸಿ. ಪಾನಕದ ಜೊತೆ ಧಾರವಾಡ ಪೇಡೆ ಇಟ್ಟಿದ್ದಿರೋ ಏನೋ? ಸಿಹಿ ತಿಂದ ಬಾಯಿಗೆ ಪಾನಕ ಇನ್ನಷ್ಟು ಹುಳಿ. ಅದಕ್ಕೆ ಖಾರದ ಚುರುಮುರಿಯೇ ಸರಿ. ಅತ್ತೆಯವರಿಗೆ ಎರಡು ಲೋಟ ಕೊಡಿ, ಒಂದು ಹೊರಗಿಟ್ಟದ್ದು, ಒಂದು ಫ್ರಿಜ್ಜಿನದು. ವಾದ ಬೇಡ, ಕುಡಿದು ಅವರೇ ಹೇಳಲಿ.

ಈ ಲೆಕ್ಕದಲ್ಲಿ ಜಪಾನಿನವರು ಬಹಳ ಗಟ್ಟಿಗರು. ಅಕ್ಕಿಯನ್ನು ಹುದುಗಿಸಿ ಮಾಡುವ 'ಸಾಕೆ' ಎಂಬ ಮದ್ಯಕ್ಕೆ ಐದೈದು ಡಿಗ್ರಿಗೆ ಒಂದೊಂದು ಹೆಸರು! 5 ಡಿಗ್ರಿ ಇದ್ದರೆ ಹಿಮದ ತಂಪು, 10 ಇದ್ದರೆ ಹೂವಿನ ತಂಪು, 30ಕ್ಕೆ ಎಳೆಬಿಸಿಲು, 35ಕ್ಕೆ ಮೈಬಿಸಿ, ಹೀಗೆ. ಪರಿಮಳದ ನಾಜೂಕು ಸಾಕೆ ತಣ್ಣಗೆ, ಹಸಿ ಮೀನಿನ ಜೊತೆ. ದಪ್ಪ ರುಚಿಯದು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಚಳಿಗಾಲದ ಬೇಯಿಸಿದ ಅಡುಗೆಯ ಜೊತೆ. ಅವರ ಮದ್ಯ ಅವರಿಗಿರಲಿ. ಆ ಲೆಕ್ಕ ಮಾತ್ರ ನಮ್ಮ ಒಲೆಯ ಮುಂದೆಯೂ ನಡೆಯುವಂಥದೇ.

ಜೋಳದ ಅಂಬಲಿಯನ್ನು ನೋಡಿ. ಎರಡು ದೊಡ್ಡ ಚಮಚ ಜೋಳದ ಹಿಟ್ಟನ್ನು ಒಂದು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಮೂರು ಬಟ್ಟಲು ನೀರಿಗೆ ಹೊಯ್ದು, ಹಸಿ ವಾಸನೆ ಹೋಗುವತನಕ ಕೈಯಾಡಿಸಿ. ಮಳೆಗಾಲದಲ್ಲಿ ಇದನ್ನೇ ಬಿಸಿಬಿಸಿಯಾಗಿ, ಜೀರಿಗೆ-ಬೆಳ್ಳುಳ್ಳಿ ಜಜ್ಜಿ ಹಾಕಿ ಕುಡಿದರೆ ಗಂಟಲಿಗೆ ಹಿತ. ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲಿಗಾದರೆ ಪೂರ್ತಿ ಆರಿದ ಮೇಲೆ ಮಜ್ಜಿಗೆ ಬೆರೆಸಿ. ಬಿಸಿಯಿದ್ದಾಗ ಹಾಕಿದಿರೋ, ಒಡೆದೀತು. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಇದನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಜೋಳದ ವಾಸನೆಯೂ ಅಡಗುತ್ತದೆ. ಮಣ್ಣಿನ ಗಡಿಗೆಯ ತಂಪೇ ಇದಕ್ಕೆ ಹದ. ನಮ್ಮ ಒಣ ಬಿಸಿಲಿನಲ್ಲಿ ಗಡಿಗೆಯ ಮೈಯಿಂದ ನೀರು ಬೇಗ ಆವಿಯಾಗುವುದರಿಂದ ಒಳಗಿನದು ಚೆನ್ನಾಗಿ ತಂಪಾಗುತ್ತದೆ.

ಸಂಜೆಯ ಮಿರ್ಚಿ-ಗಿರಮಿಟ್ ಮೇಲೆ ಸುಡುಸುಡು ಚಹಾ ಕುಡಿದು "ಹಾ ಹೂ" ಎನ್ನುವವರು ಯಾರ ಮನೆಯಲ್ಲಿಲ್ಲ? ಬಿಸಿಯ ಉರಿಗೂ ಮೆಣಸಿನಕಾಯಿಯ ಉರಿಗೂ ನಾಲಿಗೆಯಲ್ಲಿ ಬಾಗಿಲು ಒಂದೇ. 1997ರಲ್ಲಿ ಇದನ್ನು ಕಂಡುಹಿಡಿದ ತಂಡದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಖಾರ ಹತ್ತಿ ಅಳುವ ಮಗುವಿಗೆ ನೀರು ಕೊಟ್ಟರೆ ಸಾಲದು. ತಂಪು ಹಾಲನ್ನೋ ಮೊಸರನ್ನೋ ಕೊಡಿ. ಹೋಳಿಗೆಯದು ತದ್ವಿರುದ್ಧ. ತುಪ್ಪ ಸುರಿದುಕೊಂಡು ತಿಂದು ಮೇಲೆ ಫ್ರಿಜ್ಜಿನ ನೀರು ಕುಡಿದರೆ ತುಪ್ಪ ಬಾಯಿಯಲ್ಲೇ ಮೆತ್ತಿಕೊಳ್ಳುತ್ತದೆ. ಅಲ್ಲಿ ಉಗುರುಬೆಚ್ಚಗಿನ ಹಾಲೇ ಜೋಡಿ.

ತುಟಿ ಸುಡುವ ಚಹಾ ಕುಡಿಯುವ ಚಟದ ಬಗ್ಗೆ ಒಂದು ಮಾತು. 65 ಡಿಗ್ರಿ ಮೀರಿದ ಪೇಯಗಳನ್ನು ಕುಡಿಯುವುದರಿಂದ ಅನ್ನನಾಳದ ಕ್ಯಾನ್ಸರ್ ಬರುವ ಸಂಭವ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿತು. ಹಿರಿಯರು ಬಸಿಗೆ ಸುರಿದು ಆರಿಸಿ ಕುಡಿಯುತ್ತಿದ್ದರೆ ಮಕ್ಕಳು ನಗದಿರಲಿ.

ಇನ್ನು, ಎಲ್ಲರಿಗೂ ಕೊಟ್ಟು ಕೊನೆಗೆ ಮೂರನೇ ಸಲ ಕಾಸಿದ ಕಹಿ ಚಹಾ ಕುಡಿಯುವವರು ಯಾರೆಂದು ನಾನು ಹೇಳಬೇಕಿಲ್ಲ. ಸೋಸುವಾಗಲೇ ನಿಮ್ಮ ಕಪ್ಪನ್ನೂ ಸಾಲಿನಲ್ಲಿಡಿ, ಎಲ್ಲರ ಜೊತೆ ಕೂತು ಕುಡಿಯಿರಿ. ಯಾರಾದರೂ ಕರೆದರೆ, "ಬಂದೆ ತಡೀರಿ, ಚಹಾ ಕುಡೀಲಿಕ್ಹತ್ತೀನಿ" ಅನ್ನಿ.